ರಿಪೋರ್ಟಿನಲ್ಲಿ ‘ವೆಂಟ್ರಿಕಲ್ ಹಿಗ್ಗಿದೆ’ ಎಂದಿದೆ: ಮೆದುಳಿನೊಳಗೆ ನೀರು ಇರುವುದು ಎಲ್ಲಿ, ಹರಿಯುವುದು ಎಲ್ಲಿಗೆ?

ರಿಪ್ಪನ್‌ಪೇಟೆ ಹುಡುಗ
ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪನಿಗೆ 74 ವರ್ಷ. ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು ಅಂತ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದೆವು. ರಕ್ತ ಸೋರಿಲ್ಲ, ಎಲುಬು ಮುರಿದಿಲ್ಲ. ಆದರೆ ರಿಪೋರ್ಟಿನ ಕೊನೆಗೆ ಒಂದು ಸಾಲು ಇದೆ: ಲ್ಯಾಟರಲ್ ಮತ್ತು ಮೂರನೇ ವೆಂಟ್ರಿಕಲ್ ಸ್ವಲ್ಪ ಹಿಗ್ಗಿವೆ, ವಯಸ್ಸಿಗೆ ತಕ್ಕ ಬದಲಾವಣೆ ಅಂತ. ಡಾಕ್ಟರು ಗಾಬರಿ ಬೇಡ ಅಂದರು. ಮನೆಯಲ್ಲಿ ಮಾತ್ರ ‘ತಲೆಯಲ್ಲಿ ನೀರು ತುಂಬಿದೆಯಂತೆ’ ಅಂತ ಸುದ್ದಿ ಹಬ್ಬಿ, ಅತ್ತೆ ಧರ್ಮಸ್ಥಳಕ್ಕೆ ಹರಕೆ ಹೊತ್ತಾಗಿದೆ. ವೆಂಟ್ರಿಕಲ್ ಅಂದರೆ ಹೃದಯದಲ್ಲಿ ಇರುವುದು ಅಂತ ಶಾಲೆಯಲ್ಲಿ ಓದಿದ್ದೆ. ಮೆದುಳಿನಲ್ಲಿ ಎಂತ ಮಾರಾಯ್ರೆ ಇದು? ಗೊತ್ತಿದ್ದವರು ಬಿಡಿಸಿ ಹೇಳಿ.

ಅನಾಟಮಿ ಮೇಷ್ಟ್ರು
ಮೊದಲು ನಿಮ್ಮ ಅತ್ತೆಗೆ ಒಂದು ಮಾತು ಹೇಳಿ: ತಲೆಯಲ್ಲಿ ನೀರು ಎಲ್ಲರಿಗೂ ಇದೆ. ಅವರಿಗೂ ಇದೆ, ನನಗೂ ಇದೆ. ಇರಲೇಬೇಕು.

ಮೆದುಳು ಗಟ್ಟಿ ಮುದ್ದೆ ಅಲ್ಲ. ಒಳಗೆ ನಾಲ್ಕು ಟೊಳ್ಳು ಕೋಣೆಗಳಿವೆ. ಅವುಗಳನ್ನೇ ಕುಹರ, ವೆಂಟ್ರಿಕಲ್ ಅನ್ನುವುದು. ಮಗು ಗರ್ಭದಲ್ಲಿ ನಾಲ್ಕನೇ ವಾರದಲ್ಲಿರುವಾಗ ಮೆದುಳು ಮತ್ತು ಬೆನ್ನುಹುರಿ ಎರಡೂ ಸೇರಿ ಒಂದೇ ಒಂದು ಕೊಳವೆ. ಕೊಳವೆಯ ಗೋಡೆ ಬೆಳೆದು, ಮಡಚಿಕೊಂಡು ಮೆದುಳಾಗುತ್ತದೆ. ಒಳಗಿನ ಟೊಳ್ಳು ಹಾಗೇ ಉಳಿದು ಕುಹರಗಳಾಗುತ್ತವೆ. ಅವುಗಳ ಆಕಾರ ಅಷ್ಟು ವಿಚಿತ್ರವಾಗಿರುವುದಕ್ಕೆ ಕಾರಣವೂ ಅದೇ. ಸುತ್ತಲಿನ ಗೋಡೆ ಹೇಗೆ ಬಾಗಿತೋ ಒಳಗಿನ ಜಾಗವೂ ಹಾಗೇ ಬಾಗಿದೆ.

ಮೇಲೆ ಬಲಕ್ಕೊಂದು, ಎಡಕ್ಕೊಂದು ದೊಡ್ಡ ಕೋಣೆ. ಇವೇ ಲ್ಯಾಟರಲ್ ವೆಂಟ್ರಿಕಲ್‌ಗಳು. ಪಕ್ಕದಿಂದ ನೋಡಿದರೆ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರ. ಮುಂದಕ್ಕೊಂದು ಕೊಂಬು, ಹಿಂದಕ್ಕೊಂದು, ಕೆಳಗೆ ಕಿವಿಯ ಕಡೆಗೊಂದು. ಮೂರೂ ಸೇರುವಲ್ಲಿ ಸ್ವಲ್ಪ ಅಗಲ ಜಾಗ, ಅದಕ್ಕೆ ಏಟ್ರಿಯಮ್ ಅನ್ನುತ್ತೇವೆ. ಎರಡೂ ಕೋಣೆಗಳು ಒಂದೊಂದು ಸಣ್ಣ ಕಿಂಡಿಯಿಂದ ಮಧ್ಯದ ಮೂರನೇ ಕುಹರಕ್ಕೆ ತೆರೆದುಕೊಳ್ಳುತ್ತವೆ. ಆ ಕಿಂಡಿಗಳಿಗೆ ಮನ್ರೋ ರಂಧ್ರ ಅಂತ ಹೆಸರು. ಮೂರನೆಯದು ತೀರಾ ಕಿರಿದು. ಥಲಾಮಸ್ ಎಂಬ ಮೆದುಳಿನ ಎರಡು ಭಾಗಗಳ ನಡುವೆ ನಿಂತ ಒಂದು ಸೀಳು, ಅಷ್ಟೇ. ಅಲ್ಲಿಂದ ಕೆಳಕ್ಕೆ ಸಿಲ್ವಿಯಸ್ ನಾಳ. ಉದ್ದ ಸುಮಾರು 15 ಮಿಲಿಮೀಟರ್, ಅಗಲ 1ರಿಂದ 2 ಮಿಲಿಮೀಟರ್. ಇಡೀ ವ್ಯವಸ್ಥೆಯಲ್ಲಿ ಅತಿ ಇಕ್ಕಟ್ಟಿನ ಜಾಗ ಇದೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾಳದ ಕೆಳಗೆ ನಾಲ್ಕನೇ ಕುಹರ. ಅದರ ಮುಂದೆ ಮೆದುಳಿನ ಕಾಂಡ, ಹಿಂದೆ ಸೆರೆಬೆಲ್ಲಮ್, ಅಂದರೆ ಕಿರುಮೆದುಳು. ನಾಲ್ಕನೆಯದಕ್ಕೆ ಹೊರಹೋಗಲು ಮೂರು ದಾರಿ: ಮಧ್ಯದಲ್ಲಿ ಮಜೆಂಡಿ ರಂಧ್ರ, ಎರಡು ಪಕ್ಕಗಳಲ್ಲಿ ಲುಷ್ಕಾ ರಂಧ್ರಗಳು. ಅಲ್ಲಿಂದ ಹೊರಬಂದ ದ್ರವ ಮೆದುಳಿನ ಹೊರಮೈಯನ್ನೂ ಬೆನ್ನುಹುರಿಯನ್ನೂ ಸುತ್ತುತ್ತದೆ.

ಪಿಯುಸಿ ಗೋಳು
ಸರ್, ನೀರು ಬರುವುದು ಎಲ್ಲಿಂದ? ನಮ್ಮ ಪುಸ್ತಕದಲ್ಲಿ ಮೆದುಳಿನ ಹೊದಿಕೆಗಳ ಬಗ್ಗೆ ನಾಲ್ಕು ಸಾಲು ಬಿಟ್ಟರೆ ಏನೂ ಇಲ್ಲ.

ಅನಾಟಮಿ ಮೇಷ್ಟ್ರು
ಕುಹರದ ಒಳಗೇ ತಯಾರಾಗುತ್ತದೆ. ಡಿಸೆಕ್ಷನ್ ಹಾಲಿನಲ್ಲಿ ಫಾರ್ಮಲಿನ್‌ನಲ್ಲಿಟ್ಟ ಮೆದುಳನ್ನು ಕತ್ತರಿಸಿ ಲ್ಯಾಟರಲ್ ವೆಂಟ್ರಿಕಲ್ ತೆರೆದರೆ ಗೋಡೆಗಳು ನುಣುಪಾಗಿ, ಒದ್ದೆ ಹೊಳಪಿನಲ್ಲಿ ಕಾಣುತ್ತವೆ. ಅದರಲ್ಲಿ ಒಂದೇ ಒಂದು ವಸ್ತು ಒರಟು: ಕಂದು ಬಣ್ಣದ, ಸುಕ್ಕುಸುಕ್ಕಾದ ಒಂದು ಪಟ್ಟಿ. ಚಿಮಟದಿಂದ ಎತ್ತಿದರೆ ಅಂಚಿನಲ್ಲಿ ಅಂಟಿಕೊಂಡೇ ಮೇಲೆ ಬರುತ್ತದೆ. ಅದು ಕೋರಾಯ್ಡ್ ಪ್ಲೆಕ್ಸಸ್. ಸಣ್ಣ ಸಣ್ಣ ರಕ್ತನಾಳಗಳ ಗೊಂಚಲು, ಮೇಲೆ ಒಂದು ಪದರ ಜೀವಕೋಶ. ಈ ಜೀವಕೋಶಗಳು ರಕ್ತದಿಂದ ಬೇಕಾದ್ದನ್ನು ಆರಿಸಿಕೊಂಡು ಸಿಎಸ್‌ಎಫ್ (ಸೆರೆಬ್ರೋಸ್ಪೈನಲ್ ಫ್ಲೂಯಿಡ್) ಎಂಬ ತಿಳಿ ದ್ರವ ಮಾಡುತ್ತವೆ. ಸುಮ್ನೆ ಸೋಸಿ ಬಿಡುವುದಲ್ಲ. ಸೋಡಿಯಂ, ಕ್ಲೋರೈಡ್‌ಗಳನ್ನು ಪಂಪ್ ಮಾಡುತ್ತವೆ, ಹಿಂದೆಯೇ ನೀರು ಬರುತ್ತದೆ. ದ್ರವ ಇಲ್ಲಿಂದ ಮಾತ್ರ ಬರುವುದಲ್ಲ, ಆದರೆ ಹೆಚ್ಚಿನ ಪಾಲು ಇದರದ್ದೇ.

ಲೆಕ್ಕ ಕೇಳಿ. ದೊಡ್ಡವರಲ್ಲಿ ಒಟ್ಟು ಸಿಎಸ್‌ಎಫ್ ಸುಮಾರು 150 ಮಿಲಿಲೀಟರ್. ಅದರಲ್ಲಿ ನಾಲ್ಕೂ ಕೋಣೆಗಳಲ್ಲಿ ಇರುವುದು ಬರೀ 25ರ ಆಸುಪಾಸು, ಉಳಿದದ್ದು ಹೊರಗೆ. ಆದರೆ ದಿನಕ್ಕೆ ತಯಾರಾಗುವುದು ಸುಮಾರು 500 ಮಿಲಿಲೀಟರ್. ಅಂದರೆ ದಿನಕ್ಕೆ ಮೂರು ನಾಲ್ಕು ಸಲ ಹಳೆಯದು ಹೋಗಿ ಹೊಸದು ಬರುತ್ತದೆ.

ತೋಟದ ಮನೆ
ಗಂಟೆಗೆ 20 ಮಿಲಿ ಆಯಿತಲ್ಲ! ಹಾಗಾದರೆ ಇದು ನಮ್ಮ ಅಡಿಕೆ ತೋಟದ ಬಸಿಗಾಲುವೆಯ ಕಥೆಯೇ ಸರಿ. ಮಳೆಗಾಲದಲ್ಲಿ ಕಾಲುವೆಯ ಯಾವ ಜಾಗದಲ್ಲಿ ಸೋಗೆ ಬಿದ್ದು ಕಟ್ಟಿದೆಯೋ ಅದರ ಮೇಲ್ಭಾಗದಲ್ಲೆಲ್ಲ ನೀರು ನಿಲ್ಲುತ್ತದೆ, ಕೆಳಗೆ ಒಣ. ಎಲ್ಲಿ ನಿಂತಿದೆ ಅಂತ ನೋಡಿದರೆ ಎಲ್ಲಿ ಕಟ್ಟಿದೆ ಅಂತ ಗೊತ್ತಾಗುತ್ತದೆ.

ಅನಾಟಮಿ ಮೇಷ್ಟ್ರು
ಭೇಷ್! ಪರೀಕ್ಷೆಯಲ್ಲಿ ನಮ್ಮ ಹುಡುಗರು ಇಷ್ಟು ಹೇಳಿದರೆ ನನಗೆ ಸಾಕು. ಒಂದು ವ್ಯತ್ಯಾಸ ಮಾತ್ರ ಇದೆ. ತೋಟಕ್ಕೆ ಮಳೆ ಬಿಡುವು ಕೊಡುತ್ತದೆ. ಇಲ್ಲಿ ಕೋರಾಯ್ಡ್ ಪ್ಲೆಕ್ಸಸ್ ಬಿಡುವು ಕೊಡುವುದಿಲ್ಲ. ದಾರಿ ಕಟ್ಟಿದರೂ ಅದು ತನ್ನ ಪಾಡಿಗೆ ಮಾಡುತ್ತಲೇ ಇರುತ್ತದೆ.

ಈಗ ನಿಮ್ಮ ಲೆಕ್ಕವನ್ನೇ ಹಿಡಿದು ಹೋಗೋಣ. ಒಂದು ಮನ್ರೋ ಕಿಂಡಿ ಮಾತ್ರ ಕಟ್ಟಿದರೆ ಆ ಬದಿಯ ಲ್ಯಾಟರಲ್ ಮಾತ್ರ ಉಬ್ಬುತ್ತದೆ. ಸಿಲ್ವಿಯಸ್ ನಾಳ ಕಟ್ಟಿದರೆ ಎರಡು ಲ್ಯಾಟರಲ್ ಜೊತೆ ಮೂರನೆಯದೂ ಉಬ್ಬುತ್ತದೆ, ನಾಲ್ಕನೆಯದು ಇದ್ದ ಹಾಗೇ ಇರುತ್ತದೆ. ನಾಲ್ಕನೆಯದರ ಬಾಗಿಲುಗಳೇ ಮುಚ್ಚಿದರೆ ನಾಲ್ಕೂ ಉಬ್ಬುತ್ತವೆ. ಇನ್ನೊಂದು ಪರಿಸ್ಥಿತಿ ಇದೆ. ಎಲ್ಲ ಬಾಗಿಲು ತೆರೆದಿವೆ, ದ್ರವ ಹೊರಗೂ ಬಂದಿದೆ, ಆದರೆ ಅದನ್ನು ಹೀರಿಕೊಂಡು ರಕ್ತಕ್ಕೆ ಸೇರಿಸುವ ಜಾಗ ಕೆಟ್ಟಿದೆ. ಕ್ಷಯ ಮೆದುಳಿನ ಹೊದಿಕೆಗೆ ತಗುಲಿದಾಗ, ಇಲ್ಲವೇ ಮೆದುಳಿನ ಮೇಲ್ಮೈಯಲ್ಲಿ ರಕ್ತ ಸೋರಿದಾಗ ಹೀಗಾಗುವುದುಂಟು. ಆಗಲೂ ಎಲ್ಲ ಕೋಣೆಗಳು ಹಿಗ್ಗಬಹುದು.

ಹೀರುವ ಜಾಗ ಅಂದೆ. ನೆತ್ತಿಯ ನಡುವೆ ಮುಂದಿನಿಂದ ಹಿಂದಕ್ಕೆ ಒಂದು ದೊಡ್ಡ ಸಿರೆ ಇದೆ. ಅದರೊಳಕ್ಕೆ ಚಾಚಿಕೊಂಡ ಅರಾಕ್ನಾಯ್ಡ್ ಎಂಬ ಮೆದುಳಿನ ಹೊದಿಕೆಯ ಗುಬುಟುಗಳ ಮೂಲಕ ದ್ರವ ರಕ್ತಕ್ಕೆ ಸೇರುತ್ತದೆ. ನಾವು ಓದಿದ್ದು ಇಷ್ಟೇ. ಈಗ ಮೂಗಿನ ನರಗಳ ಪಕ್ಕದಿಂದ ಕುತ್ತಿಗೆಯ ದುಗ್ಧಗ್ರಂಥಿಗಳ ಕಡೆಗೂ ಒಂದು ಪಾಲು ಹೋಗುತ್ತದೆ ಅಂತ ಪಾಠದಲ್ಲಿ ಸೇರಿಸುತ್ತೇವೆ.

ರಿಪ್ಪನ್‌ಪೇಟೆ ಹುಡುಗ
ದೊಡ್ಡಪ್ಪನ ರಿಪೋರ್ಟಿನಲ್ಲಿ ಲ್ಯಾಟರಲ್, ಮೂರನೆಯದು ಅಂತಲೇ ಇದೆ. ನಾಲ್ಕನೆಯದರ ಹೆಸರಿಲ್ಲ. ಹಾಗಾದರೆ ನಾಳ ಕಟ್ಟಿದೆ ಅಂತಲಾ? ಈಗ ನನಗೇ ಹೆದರಿಕೆ ಶುರುವಾಯಿತು.

ಫಿಲ್ಮ್ ರೂಮ್
ಹೆದರಬೇಡಿ. ನಾನು ಸಿಟಿ ಮೆಷಿನ್ ಹತ್ತಿರವೇ ಕೆಲಸ ಮಾಡುವವನು. ರಿಪೋರ್ಟ್ ಬರೆಯುವುದು ಡಾಕ್ಟರು, ಆದರೆ ಚಿತ್ರಗಳನ್ನು ದಿನವೂ ನೋಡುತ್ತೇನೆ. ಅದೇ ಸಾಲಿನಲ್ಲಿ ‘ವಯಸ್ಸಿಗೆ ತಕ್ಕ ಬದಲಾವಣೆ’ ಅಂತ ಇದೆಯಲ್ಲ, ಅಲ್ಲಿ ನೋಡಿ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ತಲೆಬುರುಡೆ ಕುಗ್ಗುವುದಿಲ್ಲ. ಖಾಲಿಯಾದ ಜಾಗವನ್ನು ದ್ರವ ತುಂಬುತ್ತದೆ. ಇಲ್ಲಿ ನೀರು ಮೆದುಳನ್ನು ಒತ್ತಿಲ್ಲ, ಮೆದುಳೇ ಜಾಗ ಬಿಟ್ಟುಕೊಟ್ಟಿದೆ.

ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಡುವೆ ಕಪ್ಪಾಗಿ ಕಾಣುವುದು ವೆಂಟ್ರಿಕಲ್. ಸಿಟಿಯಲ್ಲಿ ದಟ್ಟತೆಗೆ ಒಂದು ಅಂಕಿ ಇದೆ: ನೀರಿನದ್ದು 0, ಹೊಸ ರಕ್ತದ್ದು 60ರ ಹತ್ತಿರ. ಅದಕ್ಕೇ ನೀರು ಕಪ್ಪು, ರಕ್ತ ಬಿಳಿ. ಈಗ ಮೆದುಳಿನ ಹೊರ ಅಂಚು ನೋಡಿ. ಮಡಿಕೆಗಳ ನಡುವಿನ ಗೆರೆಗಳೂ ಕಪ್ಪಾಗಿ ಅಗಲವಾಗಿದ್ದರೆ ಅದು ಕುಗ್ಗಿದ ಮೆದುಳು. ಒಳಗೆ ಕೋಣೆ ಉಬ್ಬಿದ್ದು ಹೊರಗಿನ ಗೆರೆಗಳು ಒತ್ತಿ ಮಾಯವಾಗಿದ್ದರೆ ಅದು ಬೇರೆ ಕಥೆ, ಡಾಕ್ಟರು ಅವತ್ತೇ ಹಾಸಿಗೆ ಬರೆಯುತ್ತಾರೆ. ನಿಮ್ಮನ್ನು ಮನೆಗೆ ಕಳಿಸಿದ್ದಾರೆ.

ಫಿಲ್ಮ್ ನೋಡುವಾಗ ಎರಡು ವಿಷಯ ತಿಳಿದಿರಲಿ. ಚಿತ್ರದ ಎಡಭಾಗ ರೋಗಿಯ ಬಲಭಾಗ. ಹಾಗೇ, ಹಿಂದಿನ ಕೊಂಬಿನ ಹತ್ತಿರ ಎರಡು ಕಡೆಯೂ ಅಚ್ಚ ಬಿಳಿ ಚುಕ್ಕೆ ಕಂಡರೆ ‘ರಕ್ತ!’ ಅಂತ ಕಿರುಚಬೇಡಿ. ಅದು ಕೋರಾಯ್ಡ್ ಪ್ಲೆಕ್ಸಸ್‌ನಲ್ಲಿ ಸೇರಿದ ಸುಣ್ಣ. ದೊಡ್ಡವರಲ್ಲಿ ಮಾಮೂಲಿ. ನಿಜವಾಗಿ ರಕ್ತ ಇಳಿದಿದ್ದರೆ ರೋಗಿ ಅಂಗಾತ ಮಲಗಿರುವುದರಿಂದ ಅದು ಹಿಂದಿನ ಕೊಂಬಿನಲ್ಲಿ ತಳಕ್ಕೆ ಕೂತು, ಮೇಲೆ ಕಪ್ಪು ಕೆಳಗೆ ಬಿಳಿ ಅಂತ ನೇರ ಗೆರೆ ಎಳೆದಂತೆ ಕಾಣುತ್ತದೆ.

ಆಗುಂಬೆ ಮಳೆ
ನನ್ನ ಸ್ಕ್ಯಾನಿನಲ್ಲಿ ಎಡದ ವೆಂಟ್ರಿಕಲ್ ಬಲದ್ದಕ್ಕಿಂತ ಸ್ವಲ್ಪ ದೊಡ್ಡದಿದೆ ಅಂತ ಬರೆದಿದ್ದರು. ಮೈಗ್ರೇನ್‌ಗೆ ಮಾಡಿಸಿದ್ದು. ಅದೂ ಇದೇನಾ?

ಅನಾಟಮಿ ಮೇಷ್ಟ್ರು
ಬಲ-ಎಡ ಸ್ವಲ್ಪ ಹೆಚ್ಚು ಕಡಿಮೆ ಇರುವುದು ತೀರಾ ಸಾಮಾನ್ಯ. ಬೇರೇನೂ ಬರೆಯದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಒಂದೆಲಗ ಪ್ರಿಯ
ಯಾಕೆ ಇಷ್ಟೆಲ್ಲ? ದಿನಾ ಬೆಳಿಗ್ಗೆ ಒಂದೆಲಗದ ರಸ ಕುಡಿದರೆ ತಲೆಯ ನೀರು ಇಳಿಯುತ್ತದೆ. ನಮ್ಮ ಕಡೆ ಹಿರಿಯರು ಹೇಳುತ್ತಿದ್ದರು.

ಸಾಗರದ ಅಕ್ಕ
ತಮ್ಮಾ, ಒಂದೆಲಗದ ತಂಬುಳಿ ಬಿಸಿ ಅನ್ನಕ್ಕೆ ಕಲಸಿಕೊಂಡು ಉಣ್ಣು, ಯಾರೂ ಬೇಡ ಅನ್ನುವುದಿಲ್ಲ. ಕಟ್ಟಿದ ನಾಳ ಅದರಿಂದ ತೆರೆಯುವುದಿಲ್ಲ. ವಾಂತಿ, ತಲೆನೋವು, ಕಣ್ಣು ಮಂಜು ಅಂತ ಬಂದವರಿಗೆ ರಸ ಕುಡಿಸಿ ದಿನ ಕಳೆಯಬೇಡಿ. ನಾನು ನರ್ಸ್, ವಾರ್ಡಿನಲ್ಲಿ ಕಂಡಿದ್ದೇನೆ.

ಮಕ್ಕಳ ವಿಷಯ ಯಾರೂ ಎತ್ತಲಿಲ್ಲ, ನಾನೇ ಹೇಳುತ್ತೇನೆ. ಹಸುಗೂಸಿನ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ಅದಕ್ಕೇ ಒಳಗೆ ದ್ರವ ಹೆಚ್ಚಾದರೆ ತಲೆಯೇ ದೊಡ್ಡದಾಗುತ್ತದೆ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34-35 ಸೆಂಟಿಮೀಟರ್ ಇರುತ್ತದೆ, ಮೊದಲ ಮೂರು ತಿಂಗಳು ತಿಂಗಳಿಗೆ 2 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಟೇಪು ಹಿಡಿದು ತಲೆ ಅಳೆದರೆ ‘ದೃಷ್ಟಿ ಆಗುತ್ತದೆ’ ಅಂತ ತಡೆಯಬೇಡಿ. ಎಣ್ಣೆ ಹಚ್ಚುವಾಗ ಅಜ್ಜಿಯಂದಿರಿಗೆ ನೆತ್ತಿಯ ಮೆತ್ತನೆ ಜಾಗ ಗೊತ್ತೇ ಇರುತ್ತದೆ. ಮಗು ಅಳದೆ ಸುಮ್ಮನೆ ಕೂತಿರುವಾಗಲೂ ಅದು ಬಿಗಿದು ಉಬ್ಬಿದ್ದರೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿದು ಮೇಲೆ ಬಿಳಿ ಕಾಣುತ್ತಿದ್ದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಆಸ್ಪತ್ರೆಗೆ ಓಡಿ. ಆ ಅಜ್ಜಿಯ ಕೈಯನ್ನು ನಾನು ಎಷ್ಟೋ ಸಲ ಸ್ಕ್ಯಾನಿಗಿಂತ ಮೊದಲು ನಂಬಿದ್ದೇನೆ.

ಪಿಯುಸಿ ಗೋಳು
ದೊಡ್ಡವರಲ್ಲಿ ವಾಂತಿ ಯಾಕೆ ಬರುತ್ತದೆ? ಮೆದುಳಿಗೂ ಹೊಟ್ಟೆಗೂ ಎಂತ ಸಂಬಂಧ?

ಅನಾಟಮಿ ಮೇಷ್ಟ್ರು
ದೊಡ್ಡವರ ಬುರುಡೆ ಹಿಗ್ಗುವುದಿಲ್ಲ, ಹಾಗಾಗಿ ಒಳಗೆ ಒತ್ತಡ ಏರುತ್ತದೆ. ವಾಂತಿ ಮಾಡಿಸುವ ನರಕೇಂದ್ರಗಳು ಇರುವುದು ಮೆದುಳಿನ ಕಾಂಡದಲ್ಲಿ, ನಾಲ್ಕನೇ ಕುಹರದ ನೆಲದ ಆಸುಪಾಸಿನಲ್ಲೇ. ಆ ನೆಲದ ಕೆಳತುದಿಯಲ್ಲಿ ಏರಿಯಾ ಪೋಸ್ಟ್ರೀಮಾ ಅಂತ ಒಂದು ಚಿಕ್ಕ ಜಾಗ ಇದೆ. ಮೆದುಳಿನ ಬಹುತೇಕ ಕಡೆ ರಕ್ತದಲ್ಲಿರುವ ವಸ್ತುಗಳು ಒಳಬಾರದಂತೆ ತಡೆ ಇದೆಯಲ್ಲ, ಇಲ್ಲಿ ಆ ತಡೆ ಸಡಿಲ. ರಕ್ತದಲ್ಲಿ ವಿಷ ಸೇರಿದರೆ ಇದು ಮೊದಲೇ ಗುರುತಿಸಿ ವಾಂತಿ ಮಾಡಿಸುತ್ತದೆ. ಕಳೆನಾಶಕ ಕುಡಿದವರಿಗೂ, ಕ್ಯಾನ್ಸರ್ ಔಷಧ ತೆಗೆದುಕೊಂಡವರಿಗೂ ವಾಂತಿ ಬರುವುದರಲ್ಲಿ ಇದರ ಪಾತ್ರ ಇದೆ.

ಕುಪ್ಪಳ್ಳಿ ದಾರಿ
ಸ್ವಲ್ಪ ಹಳೇ ಕಥೆ ಹೇಳಲಾ? ಹಿಂದೆ ಯುರೋಪಿನಲ್ಲಿ ಬುದ್ಧಿ ಇರುವುದು ಮೆದುಳಿನ ಮಾಂಸದಲ್ಲಲ್ಲ, ಈ ಖಾಲಿ ಕೋಣೆಗಳಲ್ಲೇ ಅಂತ ನೂರಾರು ವರ್ಷ ನಂಬಿದ್ದರು. ಮುಂದಿನ ಕೋಣೆಯಲ್ಲಿ ಕಲ್ಪನೆ, ನಡುವಿನದರಲ್ಲಿ ವಿಚಾರ, ಹಿಂದಿನದರಲ್ಲಿ ನೆನಪು. ಆಮೇಲೆ 1500ರ ದಶಕದ ಆರಂಭದಲ್ಲಿ ಲಿಯೊನಾರ್ಡೊ ಡ ವಿಂಚಿ ಒಂದು ಕೆಲಸ ಮಾಡಿದ. ಎತ್ತಿನ ಮೆದುಳಿನ ಕುಹರಗಳಿಗೆ ಕರಗಿದ ಮೇಣ ತುಂಬಿ, ಮೇಣ ಗಟ್ಟಿಯಾದ ಮೇಲೆ ಸುತ್ತಲಿನ ಮೆದುಳನ್ನು ತೆಗೆದ. ಒಳಗಿನ ಟೊಳ್ಳಿನ ಅಚ್ಚು ಕೈಗೆ ಬಂತು. ಮೇಣ ಹೋಗುವಾಗ ಗಾಳಿ ಹೊರಬರಲಿ ಅಂತ ಬೇರೆ ತೂತುಗಳನ್ನೂ ಇಟ್ಟಿದ್ದನಂತೆ. ನನಗೆ ಮೋನಾಲಿಸಾಗಿಂತ ಆ ತೂತುಗಳೇ ಇಷ್ಟ!

ಫಿಲ್ಮ್ ರೂಮ್
ನಮ್ಮ ಕಸುಬಿನ ಹಳೇ ಕಥೆಯೂ ಇದೆ. ಸಿಟಿ ಇಲ್ಲದ ಕಾಲದಲ್ಲಿ, 1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಸರ್ಜನ್ ಕುಹರದ ದ್ರವ ತೆಗೆದು ಗಾಳಿ ತುಂಬಿ ಎಕ್ಸ್‌ರೇ ತೆಗೆದರು. ಗಾಳಿ ತುಂಬಿದ ಕೋಣೆಯ ಆಕಾರ ಎದ್ದು ಕಾಣುತ್ತಿತ್ತು. ರೋಗಿಗೆ ಆಮೇಲೆ ಭಯಂಕರ ತಲೆನೋವು. 1971ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ರೋಗಿಗೆ ಸಿಟಿ ಆದ ಮೇಲೆ ಆ ಗೋಳು ನಿಧಾನಕ್ಕೆ ತಪ್ಪಿತು.

ತೋಟದ ಮನೆ
ಬೆನ್ನಿನಿಂದ ನೀರು ತೆಗೆಯುವುದೂ ಇದೇ ನೀರಾ? ಮಂಗನ ಕಾಯಿಲೆ ಬಂದಾಗ ನಮ್ಮ ಪಕ್ಕದ ಮನೆಯವರಿಗೆ ತೆಗೆಯಬೇಕು ಅಂದರು. ‘ಲಕ್ವ ಹೊಡೆಯುತ್ತದೆ’ ಅಂತ ಮನೆಯವರು ಒಪ್ಪಲೇ ಇಲ್ಲ.

ಸಾಗರದ ಅಕ್ಕ
ಅದೇ ನೀರು. ಈ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆ ಕಚ್ಚಿ ಬರುವ ಜ್ವರ. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ. ಆಗ ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಗೊಂದಲ ಎಲ್ಲ ಇರಬಹುದು. ಮೆದುಳಿನ ಹೊದಿಕೆಗೆ ಏನಾಗಿದೆ, ಬ್ಯಾಕ್ಟೀರಿಯಾ ಸೋಂಕೇನಾದರೂ ಇದೆಯಾ ಅಂತ ತಿಳಿಯಲು ಆ ನೀರು ಪರೀಕ್ಷೆ ಮಾಡಬೇಕಾಗುತ್ತದೆ.

ಲಕ್ವದ ಹೆದರಿಕೆಗೆ ಉತ್ತರ ಅನಾಟಮಿಯಲ್ಲೇ ಇದೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕರ ನಡುವೆ ಇಲ್ಲವೇ ನಾಲ್ಕು-ಐದರ ನಡುವೆ. ಅಲ್ಲಿ ಹುರಿ ಇಲ್ಲ. ದ್ರವದಲ್ಲಿ ತೇಲುವ ನರದ ಎಳೆಗಳಿವೆ, ಸೂಜಿ ಬಂದರೆ ಪಕ್ಕಕ್ಕೆ ಸರಿಯುತ್ತವೆ. ತೆಗೆಯುವುದು ಕೆಲವು ಮಿಲಿ. ಮೇಷ್ಟ್ರ ಲೆಕ್ಕ ಹಿಡಿದರೆ ಒಂದು ಗಂಟೆಯೊಳಗೆ ಅಷ್ಟು ಮತ್ತೆ ತಯಾರಾಗುತ್ತದೆ. ಆಮೇಲೆ ಕೆಲವರಿಗೆ ಒಂದೆರಡು ದಿನ ತಲೆನೋವು ಬರುವುದು ನಿಜ.

ಅನಾಟಮಿ ಮೇಷ್ಟ್ರು
ಅಕ್ಕನ ಮಾತಿಗೆ ಒಂದು ಸೇರ್ಪಡೆ. ಮೇಲೆ ಗಡ್ಡೆ ಇದ್ದು ಅಥವಾ ದಾರಿ ಕಟ್ಟಿ ಒತ್ತಡ ಏರಿದ್ದರೆ ಕೆಳಗಿನಿಂದ ನೀರು ತೆಗೆಯುವುದು ಅಪಾಯ. ಮೇಲಿನ ಒತ್ತಡಕ್ಕೆ ಮೆದುಳು ಕೆಳಕ್ಕೆ ಜಾರಿ, ಬುರುಡೆಯ ಬುಡದ ತೂತಿನಲ್ಲಿ ಸಿಕ್ಕಿಕೊಳ್ಳಬಹುದು. ಅನುಮಾನ ಇದ್ದರೆ ಮೊದಲು ಸ್ಕ್ಯಾನ್ ಮಾಡಿಸುವುದು ಅದಕ್ಕೇ. ಬಿಲ್ಲು ಏರಿಸಲು ಅಲ್ಲ.

ಇನ್ನು ದ್ರವ ಇರುವುದೇ ಯಾಕೆ ಅಂತ ಯಾರೂ ಕೇಳಲಿಲ್ಲ. 1400 ಗ್ರಾಂ ಮೆದುಳು ಈ ದ್ರವದಲ್ಲಿ ತೇಲುವಾಗ ಅದರ ತೂಕ ಬರೀ 50 ಗ್ರಾಂನಷ್ಟಾಗುತ್ತದೆ. ಇಲ್ಲದಿದ್ದರೆ ತನ್ನದೇ ಭಾರಕ್ಕೆ ಕೆಳಗಿನ ನರ, ರಕ್ತನಾಳಗಳನ್ನು ಅದುಮಿಬಿಡುತ್ತಿತ್ತು.

ರಿಪ್ಪನ್‌ಪೇಟೆ ಹುಡುಗ
ದೊಡ್ಡಪ್ಪ ಮೊದಲೇ ನಿಧಾನ ನಡೆಯುತ್ತಿದ್ದರು. ಈಗ ಕಾಲು ಎತ್ತಿ ಇಡುವುದೇ ಕಷ್ಟ, ನೆಲಕ್ಕೆ ಅಂಟಿದ ಹಾಗೆ ಎಳೆಯುತ್ತಾರೆ. ಇದನ್ನು ಡಾಕ್ಟರಿಗೆ ಹೇಳಿರಲಿಲ್ಲ, ಬರೀ ಜಾರಿ ಬಿದ್ದರು ಅಂದಿದ್ದೆವು. ಹೇಳಬೇಕಿತ್ತಾ?

ಅನಾಟಮಿ ಮೇಷ್ಟ್ರು
ಹೇಳಲೇಬೇಕು. ವಯಸ್ಸಾದವರಲ್ಲಿ ಒಂದು ಸ್ಥಿತಿ ಇದೆ, ಎನ್‌ಪಿಎಚ್ (ನಾರ್ಮಲ್ ಪ್ರೆಶರ್ ಹೈಡ್ರೋಸೆಫಲಸ್) ಅನ್ನುತ್ತಾರೆ. ಹಕೀಮ್ ಮತ್ತು ಆಡಮ್ಸ್ ಎಂಬ ವೈದ್ಯರು 1965ರಲ್ಲಿ ಇದನ್ನು ಬರೆದರು. ಕೋಣೆಗಳು ಹಿಗ್ಗಿರುತ್ತವೆ, ಆದರೆ ಸೂಜಿ ಹಾಕಿ ಅಳೆದರೆ ಒತ್ತಡ ಮಾಮೂಲಿ. ನಡಿಗೆ ಹೀಗೆ ಅಂಟುತ್ತದೆ, ಮೂತ್ರ ತಡೆಯಲು ಆಗುವುದಿಲ್ಲ, ಮರೆವು ಮತ್ತು ಮಂಕು ಬರುತ್ತದೆ. ಸಾಮಾನ್ಯವಾಗಿ ನಡಿಗೆ ಮೊದಲು ಕೆಡುತ್ತದೆ. ಮನೆಯವರು ‘ವಯಸ್ಸಾಯಿತಲ್ಲ’ ಅಂತ ಬಿಟ್ಟುಬಿಡುತ್ತಾರೆ. ದೊಡ್ಡಪ್ಪನಿಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಮಂಡಿ ಸವೆತ, ಸಕ್ಕರೆ ಕಾಯಿಲೆಯ ನರದೋಷ, ಪಾರ್ಕಿನ್ಸನ್ ಎಲ್ಲದರಲ್ಲೂ ನಡಿಗೆ ಕೆಡುತ್ತದೆ. ಆದರೆ ಸ್ಕ್ಯಾನಿನ ಆ ಸಾಲಿನ ಜೊತೆ ಈ ನಡಿಗೆ ಸೇರಿದರೆ ನರರೋಗ ತಜ್ಞರು ಒಮ್ಮೆ ನೋಡಬೇಕು. ಕೋಣೆಯ ಗಾತ್ರ ಒಂದನ್ನೇ ಹಿಡಿದು ಏನೂ ತೀರ್ಮಾನ ಆಗುವುದಿಲ್ಲ. ಗಾತ್ರದ ಜೊತೆ ಮನುಷ್ಯ ಹೇಗಿದ್ದಾನೆ ಅಂತಲೂ ಬೇಕು.

ಫಿಲ್ಮ್ ರೂಮ್
ಅಳತೆಯೂ ಒಂದಿದೆ. ಎರಡು ಮುಂದಿನ ಕೊಂಬುಗಳ ಒಟ್ಟು ಅಗಲವನ್ನು ಬುರುಡೆಯ ಒಳ ಅಗಲದಿಂದ ಭಾಗಿಸುತ್ತಾರೆ. 0.3ಕ್ಕಿಂತ ಜಾಸ್ತಿ ಬಂದರೆ ಕೋಣೆ ಹಿಗ್ಗಿದೆ ಅಂತ ಅರ್ಥ. ಇವಾನ್ಸ್ ಸೂಚ್ಯಂಕ ಅಂತ ಅದರ ಹೆಸರು. ಎನ್‌ಪಿಎಚ್ ಅನುಮಾನ ಇದ್ದರೆ ಬೆನ್ನಿನಿಂದ 30ರಿಂದ 50 ಮಿಲಿ ತೆಗೆದು, ತೆಗೆಯುವ ಮೊದಲು ಮತ್ತು ಆಮೇಲೆ ನಡೆಸಿ ನೋಡುತ್ತಾರೆ. ಮೊಬೈಲಿನಲ್ಲಿ ದೊಡ್ಡಪ್ಪ ನಡೆಯುವುದರ ವಿಡಿಯೋ ಮಾಡಿಕೊಂಡು ಹೋಗಿ, ತಿರುಗಿ ನಿಲ್ಲುವುದೂ ಅದರಲ್ಲಿ ಬರಲಿ. ಡಾಕ್ಟರ ಕೋಣೆಯಲ್ಲಿ ಅಷ್ಟು ದೂರ ನಡೆಸಲು ಜಾಗ ಇರುವುದಿಲ್ಲ.

ಪಿಯುಸಿ ಗೋಳು
ಕೊನೇ ಪ್ರಶ್ನೆ ಸರ್. ನಾಳ ಕಟ್ಟಿದರೆ ಅದನ್ನೇ ಬಿಡಿಸಬಹುದಲ್ವಾ?

ಅನಾಟಮಿ ಮೇಷ್ಟ್ರು
1-2 ಮಿಲಿಮೀಟರಿನ ದಾರಿ, ಸುತ್ತ ಕಣ್ಣು ಆಡಿಸುವ ನರಕೇಂದ್ರಗಳು. ಅಲ್ಲಿ ಕೈ ಹಾಕುವುದು ಅಪರೂಪ. ಅದರ ಬದಲು ಬಳಸುದಾರಿ ಮಾಡುತ್ತಾರೆ. ಒಂದು ವಿಧಾನ ಶಂಟ್: ಲ್ಯಾಟರಲ್ ವೆಂಟ್ರಿಕಲ್‌ನಿಂದ ಚರ್ಮದ ಕೆಳಗೆ ಸಣ್ಣ ಕೊಳವೆ ಇಳಿಸಿ, ಹೊಟ್ಟೆಯ ಪೊರೆಯೊಳಗೆ ಬಿಡುವುದು. ಅಲ್ಲಿ ದ್ರವ ಹೀರಿಹೋಗುತ್ತದೆ. ಇನ್ನೊಂದು, ಎಂಡೋಸ್ಕೋಪ್ ಹಾಕಿ ಮನ್ರೋ ಕಿಂಡಿಯ ಮೂಲಕ ಮೂರನೇ ಕುಹರಕ್ಕೆ ಇಳಿದು, ಅದರ ನೆಲದಲ್ಲಿ ಒಂದು ತೂತು ಮಾಡುವುದು. ಕಟ್ಟಿದ ನಾಳವನ್ನು ಬಿಟ್ಟು ದ್ರವ ನೇರ ಹೊರಗೆ ಹೋಗುತ್ತದೆ, ಕೊಳವೆ ಬೇಕಾಗಿಲ್ಲ. ಒತ್ತಡಕ್ಕೆ ಆ ನೆಲ ತೆಳ್ಳಗಾಗಿ ಆಚೆಯದು ಮಸುಕಾಗಿ ಕಾಣುವಷ್ಟು ಆಗಿರುತ್ತದೆ. ಅದರ ಬೆನ್ನಿಗೇ ಬೇಸಿಲರ್ ಅಪಧಮನಿ ಮಿಡಿಯುತ್ತಿರುತ್ತದೆ. ತೂತು ಎಲ್ಲಿ ಮಾಡಬೇಕು ಅನ್ನುವುದರಲ್ಲೇ ಸರ್ಜನ್‌ನ ಕೌಶಲ ಇದೆ.

ಆಗುಂಬೆ ಮಳೆ
ಶಂಟ್ ಇದ್ದವರು ಎಂಆರ್‌ಐ ಮಾಡಿಸಬಹುದಾ? ನನ್ನ ಚಿಕ್ಕಮ್ಮನ ಮಗನಿಗೆ ಚಿಕ್ಕಂದಿನಲ್ಲೇ ಹಾಕಿದ್ದಾರೆ.

ಫಿಲ್ಮ್ ರೂಮ್
ಸಾಮಾನ್ಯವಾಗಿ ಮಾಡಿಸಬಹುದು. ಆದರೆ ಕೆಲವು ಶಂಟ್‌ಗಳ ವಾಲ್ವನ್ನು ಹೊರಗಿನಿಂದ ಅಯಸ್ಕಾಂತ ಇಟ್ಟು ಹೆಚ್ಚು ಕಡಿಮೆ ಮಾಡುವ ಹಾಗೆ ಮಾಡಿರುತ್ತಾರೆ. ಎಂಆರ್‌ಐ ಮೆಷಿನ್ನೇ ಒಂದು ಭಾರಿ ಅಯಸ್ಕಾಂತ, ಅದರ ಸೆಟ್ಟಿಂಗ್ ಬದಲಾಗಬಹುದು. ಆಪರೇಷನ್ ಮಾಡಿದಾಗ ಕೊಟ್ಟ ಕಾರ್ಡ್ ಮನೆಯಲ್ಲಿ ಹುಡುಕಿ ತನ್ನಿ, ಒಳಗೆ ಹೋಗುವ ಮೊದಲೇ ನಮಗೆ ತೋರಿಸಿ. ಸ್ಕ್ಯಾನ್ ಆದ ಮೇಲೆ ಶಂಟ್ ಹಾಕಿದ ವಿಭಾಗದಲ್ಲಿ ಸೆಟ್ಟಿಂಗ್ ಸರಿ ಇದೆಯಾ ಅಂತ ನೋಡಿಸಿಕೊಂಡೇ ಬಸ್ಸು ಹತ್ತಿ.